ಬೇಡಿ ಪಡೆದ ನಾಯಿ

ನಮ್ಮ ಬೆಳವಲದ ಆಡುಮಾತಿನಲ್ಲಿ 'ನಾಯಿ' ಎಂಬ ಪದಕ್ಕೆ ಎರಡು ಬಾಳುವೆಗಳುಂಟು. ಸಿಟ್ಟು ಬಂದಾಗ ಮನುಷ್ಯನನ್ನು ಬೈಯುವುದಕ್ಕೂ ಅದೇ ಪದ, ನಿಯತ್ತನ್ನು ಹೊಗಳುವುದಕ್ಕೂ ಅದೇ ಪದ. ಹೊಸ್ತಿಲ ಬಳಿ ಬಂದ ನಾಯಿಯನ್ನು 'ಹಚಾ' ಎಂದು ಅಟ್ಟಿದ ಕೈಯೇ ಉಂಡ ಮೇಲೆ ಉಳಿದ ರೊಟ್ಟಿಯನ್ನು ಮುರಿದು ಅದರ ಮುಂದೆ ಹಾಕುತ್ತದೆ. ಈ ಇಬ್ಬಗೆಯ ಮನಸ್ಸು ಇಂದು ನಿನ್ನೆಯದಲ್ಲ. ಅದಕ್ಕೆ ಸಾವಿರ ವರ್ಷಗಳಿಗೂ ಮಿಕ್ಕ ಇತಿಹಾಸವಿದೆ, ಕಲ್ಲಿನ ಮೇಲೆ ಬರೆದ ಸಾಕ್ಷ್ಯವೂ ಇದೆ.

ಮನೆಯಿಲ್ಲದ ನಾಯಿಗಳನ್ನು ಆಶ್ರಯಧಾಮಗಳಲ್ಲಿ ಇರಿಸಿ, ಬಂದವರಿಗೆ ಒಪ್ಪಿಸಿ ಕಳುಹಿಸುವ ಸುದ್ದಿಯನ್ನು ಈಚೆಗೆ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಓದುತ್ತೇವೆ. ಇದು ಪಟ್ಟಣದವರ ಹೊಸ ಹವ್ಯಾಸ, ಹೊರಗಿನಿಂದ ಬಂದ ಶೋಕಿ ಎಂದು ನಕ್ಕು ಬಿಡುವವರೂ ಇದ್ದಾರೆ. ಆದರೆ ಒಂದು ನಾಯಿಯನ್ನು ಅದರ ಹೆಸರು ಹಿಡಿದು ಬೇಡಿ, ಪಡೆದು, ತನ್ನದಾಗಿಸಿಕೊಂಡವನೊಬ್ಬನ ವೃತ್ತಾಂತ 10ನೆಯ ಶತಮಾನದ ಕನ್ನಡ ಶಾಸನದಲ್ಲಿಯೇ ಇದೆ. ಆ ವೃತ್ತಾಂತದ ಒಂದು ತುದಿ ಮಂಡ್ಯದ ಸೀಮೆಯಲ್ಲಿದ್ದರೆ ಇನ್ನೊಂದು ತುದಿ ನಮ್ಮ ರೋಣ, ಗಜೇಂದ್ರಗಡಗಳ ನೆಲದಲ್ಲಿದೆ. ಆ ಎಳೆಯನ್ನು ಹಿಡಿದು ಇಂದಿನವರೆಗೆ ಬರಬೇಕೆಂಬುದು ಈ ಮಾತಿನ ಉದ್ದೇಶ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲ ಬಲ್ಲರು. ಈಗಿನ ಮದ್ದೂರು ತಾಲೂಕಿನ ಆತಕೂರಿನಿಂದ ತಂದಿರಿಸಿದ ಕಲ್ಲು ಅದು. ಶಕವರ್ಷ 872, ಸೌಮ್ಯ ಸಂವತ್ಸರದ್ದು, ಎಂದರೆ ಕ್ರಿ.ಶ. 949-50ರದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ದಕ್ಷಿಣ ಭಾರತದ ರಾಜಕೀಯದ ದಿಕ್ಕನ್ನು ಕೆಲಕಾಲ ಬದಲಿಸಿದ ಯುದ್ಧಕ್ಕೆ ಇದೊಂದು ಮುಖ್ಯ ಆಧಾರವೆಂದು ಪಂಡಿತರು ಇದನ್ನು ಮತ್ತೆ ಮತ್ತೆ ಓದಿದ್ದಾರೆ. ಆದರೆ ಕಲ್ಲನ್ನು ನಿಲ್ಲಿಸಿದ್ದು ಚಕ್ರವರ್ತಿಗಾಗಿ ಅಲ್ಲ. ಕಲ್ಲಿನ ನೆತ್ತಿಯ ಮೇಲೆ ಬಿಡಿಸಿರುವುದು ಒಂದು ಹಂದಿಯನ್ನೂ ಅದರ ಮೇಲೆ ಬಿದ್ದಿರುವ ಒಂದು ನಾಯಿಯನ್ನೂ. ಅರಸರು ಅಲ್ಲಿಗೆ ಬಂದಿರುವುದು ಆ ನಾಯಿಯ ಕಥೆಗೆ ಪೀಠಿಕೆಯಾಗಿ.

ತಕ್ಕೋಲದಲ್ಲಿ ಕೃಷ್ಣನ ಬಲಗೈಯಾಗಿ ನಿಂತವನು ಅವನ ಭಾವ, ಗಂಗ ದೊರೆ ಇಮ್ಮಡಿ ಬೂತುಗ. ಆ ಪರಾಕ್ರಮಕ್ಕೆ ಮೆಚ್ಚಿ ಕೃಷ್ಣನು ಬೂತುಗನಿಗೆ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಇವುಗಳನ್ನು ಕೊಟ್ಟನೆಂದು ಶಾಸನ ಹೇಳುತ್ತದೆ. ಈ ಹೆಸರುಗಳನ್ನು ಕೇಳಿದೊಡನೆ ನಮ್ಮ ಕಡೆಯವರ ಕಿವಿ ನಿಮಿರಬೇಕು. ಬೆಳ್ವೊಲವೆಂದರೆ ಗದಗ, ರೋಣ, ನರಗುಂದ, ನವಲಗುಂದಗಳ ಎರೆಭೂಮಿ. ಇಂದಿಗೂ ನಾವು ಬೆಳವಲವೆಂದೇ ಕರೆಯುವ ಸೀಮೆ. ಗಜೇಂದ್ರಗಡದ ಹತ್ತಿರದ ಸೂಡಿ ಕಿಸುಕಾಡು ನಾಡಿನ ಊರು. ಮೊದಲು ರೋಣ ತಾಲೂಕಿನಲ್ಲಿದ್ದು ಈಗ ಗಜೇಂದ್ರಗಡ ತಾಲೂಕಿಗೆ ಸೇರಿರುವ ನರೇಗಲ್ಲಿನಲ್ಲಿ ಈ ಬೂತುಗನ ರಾಣಿ ಪದ್ಮಬ್ಬರಸಿಯು ಒಂದು ಬಸದಿಯನ್ನು ಕಟ್ಟಿಸಿದಳು. ಸುಮಾರು 950ರ ಶಾಸನದಿಂದ ಆ ಬಸದಿಗೆ ಒಂದು ದಾನಶಾಲೆಯೂ ಇತ್ತೆಂದು ತಿಳಿಯುತ್ತದೆ. ಹೀಗೆ ನಮ್ಮ ಕಥೆಯ ನಾಯಿಯನ್ನು ದಾನ ಕೊಟ್ಟವನು ಈ ನೆಲದ ಒಡೆಯ. ಅವನ ರಾಣಿಯ ಹೆಸರಿನಲ್ಲಿ ನರೇಗಲ್ಲಿನಲ್ಲಿ ಹಸಿದವರಿಗೆ ಅನ್ನವಿಕ್ಕುತ್ತಿದ್ದ ಕಾಲದಲ್ಲಿಯೇ ಅತ್ತ ಆತಕೂರಿನಲ್ಲಿ ನಾಯಿಯ ಕಲ್ಲು ನಿಂತಿತು.

ತಕ್ಕೋಲದ ಕಾಳಗದಲ್ಲಿ ಬೂತುಗನ ಮುಂದೆ ನಿಂತು ಕಾದಿದ ಆಳು ಮಣಲೆರ, ಸಗರ ವಂಶದವನು. ಒಡೆಯನಿಗೆ ಮೆಚ್ಚಿಕೆಯಾಯಿತು. ಬೇಕಾದ್ದನ್ನು ಬೇಡಿಕೊ ಎಂದನು. ಗೆದ್ದ ಸೈನ್ಯದ ನಡುವೆ, ಕೊಳ್ಳೆಯ ಹೊನ್ನಿನ ರಾಶಿಯ ಮುಂದೆ, ನಾಡು ನಾಡುಗಳನ್ನೇ ಹಂಚುತ್ತಿದ್ದ ಹೊತ್ತಿನಲ್ಲಿ ಒಬ್ಬ ವೀರ ಏನನ್ನು ಬೇಡಬಹುದಿತ್ತು? ಮಣಲೆರ ಬೇಡಿದ್ದು ಅರಸನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು. ಅದನ್ನು ದಯಪಾಲಿಸಬೇಕೆಂದು ಕೇಳಿ ಪಡೆದನು. ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಬೂತುಗ ಅವನಿಗೆ ಬಾಳ್ಗಚ್ಚಾಗಿ, ಎಂದರೆ ಕತ್ತಿಯನ್ನು ತೊಳೆದು ಕೊಡುವ ಉಂಬಳಿಯಾಗಿ, ಕೊಟ್ಟ ಸಂಗತಿಯೂ ಕಲ್ಲಿನಲ್ಲಿದೆ. ಊರುಗಳು ಒಡೆಯನಾಗಿ ಕೊಟ್ಟವು. ನಾಯಿ ಇವನಾಗಿ ಬೇಡಿದ್ದು. ಈ ಭೇದ ನನಗೆ ಬಹು ದೊಡ್ಡದಾಗಿ ಕಾಣುತ್ತದೆ.

ಆಮೇಲಿನದು ಚಿಕ್ಕ ಕಥೆ. ಕೆಲಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮರಡಿಯಲ್ಲಿ ಕಾಳಿಯನ್ನು ಒಂದು ಹಿರಿಯ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಕಾದಾಡಿ ಜೊತೆಯಾಗಿಯೇ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲನ್ನು ನೆಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ದತ್ತಿಯಾಗಿ ಬಿಟ್ಟರು. ಸತ್ತ ನಾಯಿಗೆ ನೀರಾವರಿಯ ಗದ್ದೆ! ಊರನ್ನು ಕಾದು ಮಡಿದ ಮನುಷ್ಯನ ವೀರಗಲ್ಲಿಗೆ ಸಲ್ಲುವ ಮರ್ಯಾದೆಯೆಲ್ಲ ಅದಕ್ಕೂ ಸಂದಿತು.

ಶಾಸನದ ಕೊನೆಯ ಮಾತು ಮಾತ್ರ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಆ ಮಣ್ಣನ್ನು ಅಳಿದವನು ನಾಯಿ ಮಾಡಿದ ಪಾಪವನ್ನು ಹೊರುತ್ತಾನೆ. ಆ ಸ್ಥಾನದ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ನಾಯಿ ಮಾಡಿದ ಪಾಪ ತಟ್ಟುತ್ತದೆ. ಒಂದೇ ಉಸಿರಿನಲ್ಲಿ ಅದು ಪೂಜೆಗೆ ಪಾತ್ರವಾದ ನಾಯಿ, ಶಾಪದ ಮಾತಿಗೂ ಒದಗಿದ ನಾಯಿ. ಬೆಳವಲದ ಆಡುಮಾತಿನಲ್ಲಿ ಕಂಡ ಇಬ್ಬಗೆ ಇಲ್ಲಿ ಕಲ್ಲಿನ ಮೇಲೆಯೇ ಕೂತಿದೆ. ನಾಯಿಯ ಜನ್ಮ ಪಾಪದ ಜನ್ಮವೆಂಬ ನಂಬಿಕೆಯನ್ನು ಶಾಸನ ಬರೆಸಿದವರು ಬಿಟ್ಟಿರಲಿಲ್ಲ. ಆದರೂ ಗುಡಿಯ ಪೂಜಾರಿ ಉಣ್ಣುವ ಮೊದಲು ಅದನ್ನು ನೆನೆಯಬೇಕೆಂದು ಕಟ್ಟು ಮಾಡಿದರು. ತನ್ನ ಅನ್ನಕ್ಕೆ ಕೈಹಾಕುವ ಮುನ್ನ ನಾಯಿಯನ್ನು ನೆನೆಯತಕ್ಕದ್ದು: ಇದಕ್ಕಿಂತ ಮಿಗಿಲಾದ ಕಟ್ಟಳೆಯನ್ನು ಯಾವ ಪ್ರಾಣಿದಯಾ ಸಂಘವೂ ಬರೆಯಲಾರದು.

ನಾಯಿಗೆ ಕಲ್ಲು ನಿಲ್ಲಿಸಿದ್ದು ಕನ್ನಡಿಗರೊಬ್ಬರೇ ಅಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಸೀಮೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, 7ನೆಯ ಶತಮಾನದ, ತುರುಗಾಳಗದ ವೀರಗಲ್ಲೊಂದಿದೆ. ಮಡಿದ ವೀರನ ಜೊತೆಗೆ ಕೋವಿವನ್ ಎಂಬ ಅವನ ನಾಯಿಯ ಚಿತ್ರವೂ, ಅದು ಕಳ್ಳರನ್ನು ಕಚ್ಚಿ ನಿಂತ ಮಾತೂ ಅಲ್ಲಿವೆ. ಮಹಾಭಾರತದ ಕೊನೆಯಲ್ಲಿ ಧರ್ಮರಾಯನು ತನ್ನ ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನು ಏರಲೊಲ್ಲೆನೆಂದ ಪ್ರಸಂಗವನ್ನು ಎಲ್ಲರೂ ಬಲ್ಲರು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಹಾಡಿದ ಕುಮಾರವ್ಯಾಸನು ಗದಾಪರ್ವಕ್ಕೆ ತನ್ನ ಕಾವ್ಯವನ್ನು ನಿಲ್ಲಿಸಿದ್ದರಿಂದ ಆ ನಾಯಿಯ ತನಕ ಬರಲಿಲ್ಲ. ಉಳಿದ ಪರ್ವಗಳನ್ನು ಮುಗಿಸಿದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ನಮ್ಮ ನೆಲದ ಮಹಾಕವಿ ಆ ಪ್ರಸಂಗವನ್ನು ಹೇಗೆ ಕಾಣುತ್ತಿದ್ದನೋ ಎಂಬ ಆಸೆ ನನ್ನ ಮಟ್ಟಿಗೆ ಆಸೆಯಾಗಿಯೇ ಉಳಿದಿದೆ.

ಇಷ್ಟೆಲ್ಲ ಗೌರವ ಸಂದ ನಾಯಿಗಳಲ್ಲಿ ಒಂದು ಸಾಮ್ಯವಿದೆ. ಕಾಳಿ ಹಂದಿಯನ್ನು ಕೆಡವಿತು, ಕೋವಿವನ್ ಕಳ್ಳರನ್ನು ಹಿಡಿಯಿತು. ಒಂದು ಕೆಲಸ ಮಾಡಿ ತೋರಿಸಿದ ನಾಯಿಗೆ ಕಲ್ಲು. ಈ ಸಂಪ್ರದಾಯದ ಇನ್ನೊಂದು ಕೊಂಡಿ ನಮ್ಮ ಬಡಗಣ ದಿಕ್ಕಿನ ಮುಧೋಳ. ಗಜೇಂದ್ರಗಡದ ಕೋಟೆಯನ್ನು ಆಳಿದ ಘೋರ್ಪಡೆ ಮನೆತನದ್ದೇ ಇನ್ನೊಂದು ಶಾಖೆ ಮುಧೋಳ ಸಂಸ್ಥಾನವನ್ನು ಆಳಿತು. ಅಲ್ಲಿಯ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಬೇಡರ ಬಳಿಯಿದ್ದ ತೆಳುಮೈಯ, ಉದ್ದಗಾಲಿನ ಬೇಟೆನಾಯಿಗಳನ್ನು ಆರಿಸಿ ಬೆಳೆಸಿದರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿಯನ್ನು ಉಡುಗೊರೆ ಕೊಟ್ಟರೆಂಬ ಮಾತು ಪ್ರಸಿದ್ಧವಾಗಿದೆ. 2005ರಲ್ಲಿ ಭಾರತದ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿಯನ್ನು ಹೊರಡಿಸಿತು. 2016ರಲ್ಲಿ ಸೈನ್ಯವು ಮುಧೋಳದ ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಒಯ್ದಿತು. ಇಂಥ ನಾಯಿಯನ್ನು ಬೇಡುವವರು ಸಾಲುಗಟ್ಟಿ ನಿಲ್ಲುತ್ತಾರೆ. ಜಾತಿಯ ಹೆಸರು, ಕೆಲಸದ ಕೀರ್ತಿ ಎರಡೂ ಅದಕ್ಕುಂಟು.

ಆದರೆ ಯಾರೂ ಬೇಡದ ನಾಯಿಗಳ ಇತಿಹಾಸವೇನು? ಅದನ್ನು ಹುಡುಕಲು ನಾವು ಮುಂಬಯಿಗೆ ಹೋಗಬೇಕು. ರೋಣವೂ ನರಗುಂದವೂ 1956ರವರೆಗೆ ಧಾರವಾಡ ಜಿಲ್ಲೆಯ ಮೂಲಕ ಮುಂಬಯಿಯ ಆಡಳಿತಕ್ಕೆ ಸೇರಿದ್ದುವಲ್ಲವೆ? ಬ್ರಿಟಿಷರ ಆಡಳಿತದಲ್ಲಿ ಬೀದಿನಾಯಿಯೆಂದರೆ ಕೊಲ್ಲತಕ್ಕ ವಸ್ತು, ಕೊಂದವನಿಗೆ ಇನಾಮು. 1832ರ ಜೂನ್ ತಿಂಗಳಲ್ಲಿ ಮುಂಬಯಿಯ ಕೋಟೆಯ ಭಾಗದಲ್ಲಿ ಪೊಲೀಸರು ಇನಾಮಿನ ಆಸೆಗೆ ಸಾಕಿದ ನಾಯಿಗಳನ್ನೂ ಹಿಡಿದು ಬಡಿಯತೊಡಗಿದಾಗ ನಾಯಿಯನ್ನು ಪವಿತ್ರವೆಂದು ಬಗೆಯುವ ಪಾರಸಿಗಳು ತಿರುಗಿ ಬಿದ್ದರು. ಅಂಗಡಿಗಳು ಮುಚ್ಚಿದವು, ದಂಗೆಯಾಯಿತು, ಸೈನ್ಯ ಬರಬೇಕಾಯಿತು. ಅದಾದ ಎರಡು ವರ್ಷಕ್ಕೆ, 1834ರಲ್ಲಿ, ಜಮ್‌ಶೆಟ್‌ಜಿ ಜೀಜೀಭಾಯ್ ಮೊದಲಾದ ಪಾರಸಿ ಮತ್ತು ಜೈನ ವರ್ತಕರು ಸೇರಿ ಮುಂಬಯಿಯ ಪಾಂಜರಪೋಳವನ್ನು ಸ್ಥಾಪಿಸಿದರು. ಇಂದು ದನಗಳಿಂದ ಹೆಸರಾದ ಆ ಸಂಸ್ಥೆಯ ಹುಟ್ಟಿಗೆ ಕಾರಣವಾದದ್ದು ಬೀದಿನಾಯಿಗಳ ಪ್ರಾಣ. ಲಂಡನ್ನಿನಲ್ಲಿ ಮೇರಿ ಟೀಲ್ಬಿ ಎಂಬಾಕೆ ದಾರಿ ತಪ್ಪಿದ, ಹಸಿದ ನಾಯಿಗಳಿಗಾಗಿ ಮನೆಯೊಂದನ್ನು ತೆರೆದು ಪತ್ರಿಕೆಗಳ ನಗೆಗೀಡಾದದ್ದು 1860ರಲ್ಲಿ. ಅದೇ ಮುಂದೆ 1871ರಲ್ಲಿ ಬ್ಯಾಟರ್ಸಿಗೆ ಹೋಗಿ ಜಗತ್ಪ್ರಸಿದ್ಧವಾಯಿತು. ನಾಯಿಗೆ ನೆಲೆ ಕೊಡುವ ವಿಚಾರ ಪಶ್ಚಿಮದಿಂದ ಬಂದ ಶೋಕಿ ಎನ್ನುವವರು ಈ ಎರಡು ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಕೊಲ್ಲಿಸಿದವರ ಕಡೆಗೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಹುಚ್ಚುನಾಯಿಯ ಭಯ ಸುಳ್ಳು ಭಯವಲ್ಲ. ಪ್ಯಾಸ್ಟರ್ ತನ್ನ ಲಸಿಕೆಯನ್ನು ಮನುಷ್ಯನಿಗೆ ಮೊದಲು ಕೊಟ್ಟದ್ದು 1885ರಲ್ಲಿ. ದಕ್ಷಿಣದ ಜನಕ್ಕೆ ಹತ್ತಿರವೆನ್ನಬಹುದಾದ ಕೂನೂರಿನ ಪ್ಯಾಸ್ಟರ್ ಸಂಸ್ಥೆ ತೆರೆದದ್ದು 1907ರಲ್ಲಿ. ಅದಕ್ಕೆ ಮುಂಚೆ ಕಚ್ಚಿಸಿಕೊಂಡ ಬಡವನಿಗೆ ಮಂತ್ರ, ಬೇರು, ಹರಕೆಗಳಲ್ಲದೆ ಬೇರೆ ಗತಿಯಿರಲಿಲ್ಲ. ರೋಗದ ಚಿಹ್ನೆ ಕಾಣಿಸಿಕೊಂಡ ಮೇಲೆ ಇಂದಿಗೂ ಬದುಕುವವರು ಇಲ್ಲವೆಂದೇ ಹೇಳಬೇಕು. ಮಗುವನ್ನು ಕಳೆದುಕೊಂಡ ತಾಯಿಗೆ ಆತಕೂರಿನ ಕಲ್ಲನ್ನು ತೋರಿಸಿ ದಯೆಯ ಪಾಠ ಹೇಳಲಾಗದು. ನಾಯಿಗೂ ಮನುಷ್ಯನಿಗೂ ಒಟ್ಟಿಗೆ ಹಿತವಾಗುವ ದಾರಿ ಯಾವುದೆಂಬುದೇ ಇಲ್ಲಿರುವ ನಿಜವಾದ ಪ್ರಶ್ನೆ.

ಸ್ವತಂತ್ರ ಭಾರತ ಈ ದಾರಿಯನ್ನು ಮೆಲ್ಲಮೆಲ್ಲನೆ ಹುಡುಕಿತು. 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕಾಯಿದೆ ಬಂತು. 1991ರಲ್ಲಿ ಬೆಂಗಳೂರಿನಲ್ಲಿ ಕ್ರಿಸ್ಟಲ್ ರಾಜರ್ಸ್ ಎಂಬ ಆಂಗ್ಲ ಮಹಿಳೆ, ದೆಹಲಿ ಜಯಪುರಗಳಲ್ಲಿ ಪ್ರಾಣಿಸೇವೆ ಮಾಡಿ ಬಂದವರು, ತಮ್ಮ ಇಳಿವಯಸ್ಸಿನಲ್ಲಿ 'ಕ್ಯೂಪಾ' ಎಂಬ ಸಂಸ್ಥೆಯನ್ನು ಕಟ್ಟಿದರು. ಬೀದಿನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲಿಯೇ ಬಿಡಬೇಕೆಂಬ ನಿಯಮಗಳು 2001ರಲ್ಲಿ ಬಂದವು. 2023ರಲ್ಲಿ ಅವುಗಳ ಸ್ಥಾನದಲ್ಲಿ ಹೊಸ ನಿಯಮಗಳು ಬಂದವು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ತನ್ನ ಆದೇಶದಲ್ಲಿ, ಇಷ್ಟವುಳ್ಳವರು ನಗರಸಭೆಗೆ ಅರ್ಜಿ ಕೊಟ್ಟು ಬೀದಿನಾಯಿಯನ್ನು ದತ್ತು ಪಡೆಯಬಹುದೆಂದೂ, ಪಡೆದ ಮೇಲೆ ಅದು ಮರಳಿ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೆಂದೂ ಹೇಳಿತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರುವ ನಾಯಿಗಳನ್ನು ಆಶ್ರಯಧಾಮಗಳಿಗೆ ಸೇರಿಸಬೇಕೆಂದು ಆದೇಶಿಸಿತು. ಬಾಗಿಲು ಮುಚ್ಚಿದ ಆವರಣದಲ್ಲಿ ಯಾರಿಗಾದರೂ ಕಾಯುತ್ತ ಕುಳಿತ ನಾಯಿ ಹೀಗೆ ನಮ್ಮ ಕಾಲದ ಒಂದು ಸಾಮಾನ್ಯ ದೃಶ್ಯವಾಗುವ ಹಾದಿ ತೆರೆಯಿತು.

ಕೋರ್ಟಿನ ಆದೇಶದಲ್ಲಿ ಬಂದ 'ದತ್ತು' ಎಂಬ ಪದ ನರಗುಂದದ ಕಡೆಯವರ ಕಿವಿಗೆ ಬರಿಯ ಪದವಾಗಿ ಬೀಳುವುದಿಲ್ಲ. ಗಂಡುಸಂತಾನವಿಲ್ಲದ ನರಗುಂದದ ಬಾಬಾಸಾಹೇಬನಿಗೆ ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಆ ಗಾಯ ಒಳಗೊಳಗೇ ಮಾಗಿ 1858ರ ಬಂಡಾಯವಾಯಿತು. ಬಾಬಾಸಾಹೇಬ ಗಲ್ಲಿಗೇರಿದ, ಸಂಸ್ಥಾನ ಮುಳುಗಿತು. ಕಿತ್ತೂರಿನ 1824ರ ಕಥೆಯೂ ದತ್ತಕದ ಕಥೆಯೇ. ಅಲ್ಲಿ ದತ್ತು ಎಂದರೆ ಮನೆತನದ ಹೆಸರು, ಗಾದಿ, ಆಸ್ತಿ ಉಳಿಯುವ ಬಗೆ. ಮಗುವಿಗಿಂತ ಮನೆಗೆ ಅದರ ಅಗತ್ಯ ಹೆಚ್ಚು. ನಾಯಿಯನ್ನು ದತ್ತು ತೆಗೆದುಕೊಳ್ಳುವಾಗ ಈ ಲೆಕ್ಕ ತಿರುಗುಮುರುಗಾಗುತ್ತದೆ. ಅದು ನಮ್ಮ ಹೆಸರನ್ನು ಮುಂದೆ ಒಯ್ಯದು, ಪಿಂಡವನ್ನಿಡದು. ನಮಗಿಂತ ಮೊದಲೇ ಸಾಯುತ್ತದೆಂಬುದನ್ನು ತಿಳಿದೇ ಅದನ್ನು ಒಳಗೆ ಕರೆಯುತ್ತೇವೆ. ಆದಕಾರಣ ದತ್ತು ಎಂಬ ಪದಕ್ಕಿಂತ ಮಣಲೆರನ 'ಬೇಡು' ಎಂಬ ಪದವೇ ನನಗೆ ಇಲ್ಲಿ ಸರಿಯೆನಿಸುತ್ತದೆ.

ಕಳೆದ ವರ್ಷ ಹುಬ್ಬಳ್ಳಿಯ ಆಚೆಗಿನ ಒಂದು ಆಶ್ರಯಧಾಮಕ್ಕೆ ಸ್ನೇಹಿತರೊಬ್ಬರೊಡನೆ ಹೋಗಿದ್ದೆ. ಅವರು ಮೊಮ್ಮಗನಿಗಾಗಿ ಒಂದು ಮರಿಯನ್ನು ನೋಡಲು ಬಂದವರು. ಒಳಗೆ ಕಾಲಿಟ್ಟೊಡನೆ ಗೋಧಿಬಣ್ಣದ ಒಂದು ಹೆಣ್ಣುನಾಯಿ ಜಾಲರಿಯ ಬಳಿಗೆ ಬಂದು ಬಾಲವಾಡಿಸುತ್ತ ನಿಂತಿತು. ಬೊಗಳಲಿಲ್ಲ, ಮೇಲೆ ಹಾರಲಿಲ್ಲ. ಜಾಲರಿಗೆ ಮೈಯೊತ್ತಿ, ಕೈಯನ್ನು ಮೂಸಿ, ತಲೆಯನ್ನು ಬೆರಳುಗಳ ಕೆಳಗೆ ತಂದಿಟ್ಟಿತು. ಬಂದವರೆಲ್ಲರಿಗೂ ಅದು ಹೀಗೆಯೇ ಮಾಡುತ್ತದೆಯಂತೆ. ಎಲ್ಲರೂ ಒಂದು ಗಳಿಗೆ ಅದರ ತಲೆ ಸವರಿ ಮರಿಗಳ ಕಡೆಗೆ ಹೋಗುತ್ತಾರೆ. ಊರ ನಾಯಿ, ಹೆಣ್ಣು, ವಯಸ್ಸು ನಾಲ್ಕರ ಮೇಲೆ: ಮೂರು ದೋಷಗಳು. ಇದರ ಹೆಸರೇನೆಂದು ನೋಡಿಕೊಳ್ಳುವ ಮುದುಕನನ್ನು ಕೇಳಿದೆ. "ಹೆಸರಿಟ್ಟಿಲ್ರಿ ಯಪ್ಪಾ. ಹೆಸರಿಟ್ರ ಅದಕ್ಕ ಇದೇ ಮನಿ ಅನಿಸಿಬಿಡತೈತಿ. ಒಯ್ಯಾಂವ್ರು ಇಡ್ಲಿ ಅಂತ ಬಿಟ್ಟೀನ್ರಿ" ಎಂದ. ಎರಡು ವರ್ಷದಿಂದ ಅವನು ಆ ಹೆಸರಿನ ಜಾಗವನ್ನು ಖಾಲಿಯಾಗಿಯೇ ಕಾದಿಟ್ಟಿದ್ದ. ನನ್ನ ಸ್ನೇಹಿತರು ಅಂದು ಮರಿಯೊಂದನ್ನೇ ಒಯ್ದರು. ಅವರನ್ನು ದೂರುವಂತಿಲ್ಲ, ಮಗುವಿನ ಜೊತೆ ಬೆಳೆಯಲೆಂಬುದು ಅವರ ಆಸೆ.

ಆದರೆ ದಾರಿಯುದ್ದಕ್ಕೂ ನನಗೆ ಕಾಳಿಯದೇ ಯೋಚನೆ. ಕಾಳಿಗೆ ಹೆಸರಿತ್ತು, ಬೇಡುವವನಿದ್ದ, ಸತ್ತ ಮೇಲೆ ಕಲ್ಲೂ ಗದ್ದೆಯೂ ಆದವು. ಈ ನಾಯಿ ಹಂದಿಯನ್ನು ಕೆಡವಿಲ್ಲ, ಕಳ್ಳನನ್ನು ಹಿಡಿದಿಲ್ಲ. ಪ್ರತಿದಿನವೂ ಹೊಸಬರ ಮುಂದೆ ಹೋಗಿ ನಿಂತು, ಅವರು ಬಿಟ್ಟು ಹೋದದ್ದನ್ನು ಸಹಿಸಿ, ಮರುದಿನ ಮತ್ತೆ ಅದೇ ವಿಶ್ವಾಸದಿಂದ ಬಾಲವಾಡಿಸುವುದು ಅದರ ಏಕೈಕ ಸಾಹಸ. ವೀರಗಲ್ಲಿನ ಅಳತೆಗೆ ಈ ಸಾಹಸ ಸಿಕ್ಕುವುದಿಲ್ಲ. ಮನುಷ್ಯರಾದ ನಾವು ಎಷ್ಟು ಸಲ ತಿರಸ್ಕಾರಕ್ಕೆ ಒಳಗಾಗಿ ಮತ್ತೆ ಹಾಗೆ ನಗುಮುಖದಿಂದ ನಿಂತೇವು?

ಇಂಥ ನಾಯಿಯನ್ನು ಮನೆಗೆ ಕರೆತರುವುದು ಬರಿಯ ಭಾವುಕತೆಯಿಂದ ಆಗುವ ಕೆಲಸವಲ್ಲ. ಹೊಸ ಮನೆಯಲ್ಲಿ ಮೊದಲ ಕೆಲವು ದಿನ ಅದು ಮೂಲೆ ಹಿಡಿಯಬಹುದು, ಅನ್ನ ಮುಟ್ಟದಿರಬಹುದು, ಬಾಗಿಲು ಕಂಡರೆ ಓಡಬಹುದು. ಹೊಸ ಸೊಸೆ ತವರನ್ನು ಮರೆಯುವಷ್ಟು ಕಾಲವನ್ನಾದರೂ ಅದಕ್ಕೆ ಕೊಡಬೇಕು. ಹುಚ್ಚಿನ ಲಸಿಕೆಯನ್ನು ಕಾಲಕಾಲಕ್ಕೆ ಹಾಕಿಸಬೇಕು, ಜಂತಿನ ಔಷಧಿ ಕುಡಿಸಬೇಕು, ನೆರೆಯ ಮಕ್ಕಳಿಗೆ ತೊಂದರೆಯಾಗದಂತೆ ಕಾಯಬೇಕು. ಹತ್ತು ಹನ್ನೆರಡು ವರ್ಷದ ಈ ಋಣವನ್ನು ಹೊರಲಾರದವರು ಬೇಡದಿರುವುದೇ ಲೇಸು. ಹಬ್ಬಕ್ಕೆ ತಂದು ಬೇಸಿಗೆಗೆ ಬೀದಿಗೆ ಬಿಡುವವರಿಂದಲೇ ಆಶ್ರಯಧಾಮಗಳು ತುಂಬುತ್ತವೆ. ಹಾಗೆ ಬಿಟ್ಟ ನಾಯಿ ಎರಡನೆಯ ಸಲ ಮನುಷ್ಯನನ್ನು ನಂಬುವುದು ಕಷ್ಟ. ನಂಬಿದರೆ ಅದು ನಾಯಿಯ ದೊಡ್ಡತನ.

ಆತಕೂರಿನ ಶಾಸನಕಾರನು 'ನಾಯಿ ಮಾಡಿದ ಪಾಪ' ಯಾವುದೆಂದು ಬಿಡಿಸಿ ಹೇಳಲಿಲ್ಲ. ಆ ಪಾಪವನ್ನು ನಾನು ಬಹಳ ದಿನ ಹುಡುಕಿದ್ದೇನೆ, ನನಗೂ ಸಿಕ್ಕಿಲ್ಲ. ಬೂತುಗನಿಗೆ ಸಂದ ಬೆಳ್ವೊಲ, ಕಿಸುಕಾಡುಗಳು ಕೈಯಿಂದ ಕೈಗೆ ಹೋಗಿ ರಾಷ್ಟ್ರಕೂಟರೂ ಗಂಗರೂ ಘೋರ್ಪಡೆಯವರೂ ಕಥೆಯಾದರು. ಮಣಲೆರನಿಗೆ ಬಂದ ಊರುಗಳನ್ನು ಇಂದು ಅವನ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಅವನು ಬಾಯಿಬಿಟ್ಟು ಬೇಡಿದ ಒಂದೇ ಒಂದು ವಸ್ತುವಿನಿಂದ ಅವನ ಹೆಸರು ಉಳಿದಿದೆ. ಆಶ್ರಯಧಾಮದ ಆ ಮುದುಕ ಖಾಲಿ ಬಿಟ್ಟ ಜಾಗವನ್ನು ತುಂಬಲು ಯುದ್ಧ ಗೆಲ್ಲಬೇಕಾಗಿಲ್ಲ, ಅರಸನ ಮೆಚ್ಚುಗೆಯೂ ಬೇಕಾಗಿಲ್ಲ. ಯಾರಾದರೊಬ್ಬರು ಹೋಗಿ, ಮರಿಗಳನ್ನು ದಾಟಿ, ಅದನ್ನೇ ಕೊಡಿ ಎಂದು ಬೇಡಿದರೆ ಸಾಕು.